ಏಳನೇ ನಂಬರಿನ ಜಾಗ

ಐಸು ಹೋದ ಲೆಕ್ಕದ ಚೀಟಿಯ ಬೆನ್ನಿಗೆ
ಬರೆಯುತ್ತಿದ್ದೇನೆ:
ಟಾರ್ಚು, ಹಗ್ಗ, ಗಂಜಿಗೆ ಕುಚ್ಚಲಕ್ಕಿ ಮೂರು ಸೇರು.
ಮುಂಬದಿಯಲ್ಲಿ ‘ಜಲಪ್ರಿಯಾ’ ಬೋಟಿನ
ನಲವತ್ತು ಬ್ಲಾಕಿನ ಬಾಕಿ ಹಾಗೇ ಉಂಟು.

ಬೆಟ್ಟದ ಮೇಲಿನ ಆ ಕೆರೆಯ ಕಾವಲುಗಾರ
ಫೋನಿಗೆ ಸಿಗುವುದು ಮಧ್ಯಾಹ್ನ ಎರಡರ ಮೇಲೆ,
ಅದೂ ಅವನು ಒಂದು ಬಂಡೆ ಹತ್ತಿದರೆ.
“ಏಳನೇ ನಂಬರಿನ ಜಾಗ ಖಾಲಿ ಇದೆ,
ನೀರಿಗೆ ನಲವತ್ತು ಹೆಜ್ಜೆ.”
ಮುಂದಿನ ಮಾತನ್ನು ಗಾಳಿ ತಿಂದಿತು.
ಯಾರ ಹೆಜ್ಜೆ ಎಂದು ಕೇಳಬೇಕಿತ್ತು.
ಫ್ಲೋಸಿಯದು ಒಂದಾದರೆ ನನ್ನದು ಒಂದೂವರೆ.

ನಾವು ನಾಲ್ವರು. ಮಲ್ಪೆಯ ಐಸ್ ಪ್ಲಾಂಟಿನ
ಲೆಕ್ಕ ಬರೆಯುವ ನಾನು, ಐಸು ಒಡೆಯುವ ಸುಗಂಧಿ ಮೆಂಡನ್,
ಕಲ್ಯಾಣಪುರದಿಂದ ಸ್ಕೂಟರಿನಲ್ಲಿ ಬಂದು ಸಿಗಡಿ ಸುಲಿಯುವ ಫ್ಲೋಸಿ,
ಬಲೆ ಸರಿಮಾಡುವ ಮೈಮೂನಾ.
ಎಲ್ಲರಿಗೂ ಐವತ್ತರ ಆಚೀಚೆ.
ಮದುವೆ, ಬಾಣಂತನ, ಆಸ್ಪತ್ರೆ ಬಿಟ್ಟರೆ
ಬೇರೆ ಕಾರಣಕ್ಕೆ ಹೊರಗೆ ರಾತ್ರಿ ಕಳೆದು
ಒಬ್ಬಳಿಗೂ ಗೊತ್ತಿಲ್ಲ.

“ಭಾರೀ ಚಳಿಯಂತೆ ಅಲ್ಲಿ,” ನನ್ನ ನಾದಿನಿಯ ಎಚ್ಚರಿಕೆ.
ಸುಗಂಧಿ ನಕ್ಕಳು.
ಇಪ್ಪತ್ತೆರಡು ವರ್ಷದಿಂದ
ಅವಳ ಬೆರಳ ತುದಿಗೆ ಬೇಸಗೆ ಬಂದದ್ದೇ ಇಲ್ಲ.

ಕಾವಲುಗಾರ ನಿಯಮ ಓದಿದ:
ಕಲ್ಲಿನ ಸುತ್ತಿನೊಳಗೆ ಮಾತ್ರ ಬೆಂಕಿ.
ರಾತ್ರಿ ಹತ್ತಕ್ಕೆ ಗದ್ದಲ ಬಂದ್.
ಕೆರೆಯಲ್ಲಿ ಮೀನು ಹಿಡಿಯುವ ಹಾಗಿಲ್ಲ.
ಸ್ಪೀಕರ್ ಹಾಕಿದ್ದೆ. ಇಡೀ ದಕ್ಕೆ ನಕ್ಕಿತು.
“ಅಣ್ಣಾ, ಎರಡು ದಿನ ಮೀನಿನ ಮುಖ ನೋಡದೆ
ಇರಲಿಕ್ಕೆಂದೇ ನಾವು ಹೊರಟದ್ದು,” ಅಂದಳು ಮೈಮೂನಾ.
ಅವನು ನಗಲಿಲ್ಲ. ಕೊನೆಯದನ್ನೂ ಓದಿದ:
ವಾಸನೆಯ ಪದಾರ್ಥ ಡೇರೆಯೊಳಗೆ ಇಡಬಾರದು,
ಕರಡಿ ಬರುತ್ತದೆ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.
ಒಣಸಿಗಡಿ ಚಟ್ನಿಗೆ ಅಡ್ಡಗೆರೆ ಎಳೆದೆ.
ಆಮೇಲೆ ಫ್ಲೋಸಿ
ತನ್ನೆರಡು ಅಂಗೈ ಮೂಸಿ ಕೇಳಿದಳು:
“ಇವನ್ನು ಎಲ್ಲಿಡುವುದು ಮಾರಾಯ್ತಿ?”

ಅಂದಿನಿಂದ ದಿನಾ ಸಂಜೆ ನಳ್ಳಿಯ ಹತ್ತಿರ
ಬಿಂಬುಳಿ ಜಜ್ಜಿ ಕೈ ತಿಕ್ಕುತ್ತೇವೆ.
ಇನ್ನು ಹನ್ನೊಂದು ದಿನ.

ಬಾಡಿಗೆ ಡೇರೆಗೆ ದಿನಕ್ಕೆ ಆರುನೂರು.
ಬೇಡವೆಂದು ಮೈಮೂನಾ ಹಳೇ ಟರ್ಪಾಲು ಅಳೆದು
ಬಲೆಯ ನೂಲಿನಲ್ಲೇ ಹೊಲಿದಳು.
ನಿನ್ನೆ ಕಡಲ ಬದಿ ನಿಲ್ಲಿಸಿ ನೋಡಿದೆವು.
ಹೊಯಿಗೆಗೆ ಗೂಟದ ಮೇಲೆ ಮರ್ಯಾದೆ ಇಲ್ಲ,
ಇದನ್ನು ಹೊಡೆದರೆ ಅದು ಎದ್ದು ಬರುತ್ತದೆ.
ಒಂದು ಮೂಲೆ ಮಗುಚಿಟ್ಟ ದೋಣಿಗೆ ಕಟ್ಟಿ,
ಇನ್ನೊಂದನ್ನು ಸುಗಂಧಿ ಹಿಡಿದು ಕೂತು,
ಒಳಗೆ ಮೂವರು ಮೊಣಕಾಲು ಮಡಚಿ ಮಲಗಿದೆವು.
ಏನೋ ಒಂದು ಬಂದು ಟರ್ಪಾಲು ಮೂಸಿತು.
“ಕರಡಿ,” ಪಿಸುಗುಟ್ಟಿದಳು ಫ್ಲೋಸಿ.
ದಕ್ಕೆಯ ಕುಂಟ ನಾಯಿ.

ಮಗ ಕೇಳುತ್ತಾನೆ, ನೀರು ನೋಡಲಿಕ್ಕೆ ಅಷ್ಟು ದೂರವಾ?
ಎದುರಿಗೇ ಉಂಟಲ್ಲ ಬೇಕಾದಷ್ಟು.

ಉಂಟು.
ನಾನು ಹುಟ್ಟಿದಂದಿನಿಂದ ಇದು ಏನೋ ಹೇಳಲು ಬಂದು
ಅರ್ಧಕ್ಕೆ ಹಿಂದೆ ಸರಿಯುತ್ತದೆ.
ನನಗೊಮ್ಮೆ ಆಚೆ ದಡ ಕಾಣುವ ನೀರು ಬೇಕು.

ಹೊಳೆಗೂ ಉಂಟಲ್ಲಮ್ಮ ಆಚೆ ದಡ, ಅನ್ನುತ್ತಾನೆ.
ಉಂಟು ಮಗಾ. ಹೊಳೆಗೆ ಹೋಗುವ ಕೆಲಸವೂ ಉಂಟು.
ನನಗೆ ಬೇಕಾದದ್ದು
ರಾತ್ರಿ ಬಿಟ್ಟಲ್ಲೇ
ಬೆಳಿಗ್ಗೆಯೂ ಸಿಗುವ ನೀರು.

ಅವನಿಗೆ ಅರ್ಥವಾಗಲಿಲ್ಲ. ಆದರೂ
ತನ್ನ ಪವರ್ ಬ್ಯಾಂಕ್ ತಂದು ಚೀಟಿಯ ಮೇಲಿಟ್ಟು ಹೋದ.

ಬೆಂಕಿಪೆಟ್ಟಿಗೆ ಎರಡು. ಪುನರ್ಪುಳಿ ಸಿಪ್ಪೆ.
ಫ್ಲೋಸಿಯ ಸಕ್ಕರೆ ಕಾಯಿಲೆಯ ಗುಳಿಗೆ, ನೆನಪಿಸುವುದು.
ಉಪ್ಪು.
ಹೌದು, ಅದನ್ನೂ ಇಲ್ಲಿಂದಲೇ ಒಯ್ಯಬೇಕು.
ಅಲ್ಲಿಯ ಗಾಳಿಯಲ್ಲಿ ಇರುವುದಿಲ್ಲ.